ಗವಸಿನ ಗುರುತು

ಮೆತ್ತಣ್ಣ ನೂಲು ಪೋಣಿಸುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಡಗೈಯಲ್ಲಿ ಗೇಣುದ್ದದ ಸೂಜಿ, ಬಲಗೈಯಲ್ಲಿ ದಪ್ಪ ನೂಲಿನ ತುದಿ. ಆ ತುದಿಯನ್ನು ತುಟಿಗಳ ನಡುವೆ ಇಟ್ಟು, ಹಲ್ಲಿನಿಂದ ಒಂಚೂರು ಒತ್ತಿ, ನಾಲಿಗೆಯಿಂದ ತಿರುಚಿ ಹೊರಗೆಳೆದರೆ ಅದು ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕಣ್ಣು ಸೂಜಿಯ ಕಡೆ ಇರುವುದೇ ಇಲ್ಲ. ಗಿರಾಕಿಯ ಜೊತೆ ಮಾತು ನಡೆದೇ ಇರುತ್ತದೆ, ನೂಲು ತನ್ನ ಪಾಡಿಗೆ ಸೂಜಿಯ ಕಣ್ಣಲ್ಲಿ ಹೋಗಿ ಕೂತಿರುತ್ತದೆ. ಅವನ ಅಪ್ಪ ಹೀಗೇ ಮಾಡುತ್ತಿದ್ದ. ಅವನ ಅಕ್ಕನ ಮಗನೂ ಹೀಗೇ ಮಾಡುತ್ತಾನೆ.

ಅವರ ಹಾಸಿಗೆ ಅಂಗಡಿಯಲ್ಲಿ ಇನ್ನೂ ಒಂದು ರೂಢಿ ಇತ್ತು. ಸಂಜೆ ಕೆಲಸ ಬಿಡುವ ಮುಂಚೆ ಇರುವ ಸೂಜಿಗಳಿಗೆಲ್ಲ ನೂಲು ಪೋಣಿಸಿ, ಗೋಡೆಗೆ ಹೊಡೆದ ಹತ್ತಿಯ ದಿಂಬಿಗೆ ಸಾಲಾಗಿ ಚುಚ್ಚಿಡುವುದು. ಬೆಳಿಗ್ಗೆ ಮೊದಲು ಬಂದವರು ಒಂದನ್ನು ಕಿತ್ತುಕೊಂಡು, ಒಣಗಿ ಒರಟಾದ ನೂಲನ್ನು ಮತ್ತೆ ತುಟಿಯ ನಡುವೆ ಸವರಿ ಮೆದುಮಾಡಿಕೊಂಡು ಹೊಲಿಗೆಗೆ ಇಳಿಯುವುದು. "ನೂಲಿಗೂ ಬೆಳಿಗ್ಗೆ ಮುಖ ತೊಳೆಸ್ಬೇಕಪ್ಪಾ" ಅನ್ನುತ್ತಿದ್ದ ಅಪ್ಪ. ಒಬ್ಬರ ಬಾಯಿಯ ನೂಲು ಇನ್ನೊಬ್ಬರ ಬಾಯಿಗೆ ಹೋಗುತ್ತಿದೆ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಲೆಕ್ಕ ಇಡುತ್ತಾರೆಯೇ?

ಮೆತ್ತಣ್ಣ ಎಂಬುದು ಅಡ್ಡಹೆಸರು. ಹೊಲಿಯುವುದು ಮೆತ್ತೆ, ಮಾತು ಮೆತ್ತಗೆ, ನಡಿಗೆ ಮೆತ್ತಗೆ. ಬೀದಿಯವರು ಮೂರನ್ನೂ ಕೂಡಿಸಿ ಇಟ್ಟದ್ದು. ನಡಿಗೆ ಮೆತ್ತಗಾದದ್ದು ಮಾತ್ರ ಸ್ವಭಾವದಿಂದಲ್ಲ. ಬಲಮಂಡಿ ಮಡಚುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ಹುಟ್ಟಿದಾಗಿನಿಂದಲೇ ಅವನ ಮೈಯಲ್ಲಿ ಇಲ್ಲ. ಡಾಕ್ಟರುಗಳು ಆ ಅಂಶವನ್ನು ಫ್ಯಾಕ್ಟರ್ ಎನ್ನುತ್ತಾರೆ, ಕಾಯಿಲೆಯನ್ನು ಹಿಮೋಫಿಲಿಯಾ ಎನ್ನುತ್ತಾರೆ. ಸೂಜಿ ಚುಚ್ಚಿದರೆ ಇಂಥವರ ಕಥೆ ಮುಗಿಯಿತು ಎಂದು ಜನ ನಂಬಿದ್ದಾರೆ. ಹಾಗೇನಿಲ್ಲ. ಬೆರಳಿಗೆ ಚುಚ್ಚಿದರೆ ಬಟ್ಟೆ ಒತ್ತಿ ಹಿಡಿದು ಕೂತರೆ ನಿಲ್ಲುತ್ತದೆ. ಅಪಾಯ ಇರುವುದು ಒಳಗೆ. ಎಡವದೆ, ಬೀಳದೆ, ಸುಮ್ಮನೆ ಕೂತಿದ್ದಾಗಲೇ ಕೀಲಿನೊಳಗೆ ರಕ್ತ ಸೋರಲು ಶುರುವಾಗುತ್ತದೆ. ಮಂಡಿ ಕುಂಬಳಕಾಯಿಯಂತೆ ಊದುತ್ತದೆ. ಹಾಗೆ ಊದಿ ಇಳಿದು, ಊದಿ ಇಳಿದು, ಕೊನೆಗೆ ಒಂದು ದಿನ ಮಂಡಿ ತನ್ನ ಕೆಲಸವನ್ನೇ ಮರೆಯುತ್ತದೆ.

ಅವನ ಅಮ್ಮ ಅವನನ್ನು ಹತ್ತಿಯಲ್ಲಿಟ್ಟು ಬೆಳೆಸಿದಳು ಎಂದರೆ ಅದು ಬರೀ ಮಾತಲ್ಲ. ಓರಗೆಯ ಮಕ್ಕಳು ಬೀದಿಯಲ್ಲಿ ಚೆಂಡು ಒದೆಯುವಾಗ ಇವನನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಹಿಂಜಿದ ಹತ್ತಿಯ ಗುಡ್ಡದ ಮೇಲೆ ಕೂರಿಸುತ್ತಿದ್ದಳು. ಶಾಲೆಯವರು ಎರಡನೇ ತರಗತಿಯಲ್ಲೇ ಕೈಮುಗಿದಿದ್ದರು. "ಹುಡುಗ ನಮ್ಮ ಆವರಣದಲ್ಲಿ ಬಿದ್ರೆ ನಾವು ಜವಾಬ್ದಾರರಲ್ಲ" ಅಂದರು. ಮಗು ಬಿದ್ದರೆ ಎತ್ತುವ ಜವಾಬ್ದಾರಿಯನ್ನೂ ಹೊರದ ಜಾಗಕ್ಕೆ ಶಾಲೆ ಎಂಬ ಹೆಸರು ಯಾಕೆ ಬೇಕೋ ತಿಳಿಯದು. ಬಂಧುಗಳು ಬಾಯಿಗೆ ಬಂದದ್ದು ಅಂದರು. ಹೆತ್ತವಳ ರಕ್ತವೇ ಸರಿಯಿಲ್ಲ ಅಂದರು. ಅಂದವರಲ್ಲಿ ಯಾರೂ ಆ ಹುಡುಗನ ಊದಿದ ಮಂಡಿಗೆ ಒಂದು ತುಂಡು ಐಸು ಇಟ್ಟವರಲ್ಲ. ನಾಲಿಗೆಗೆ ಎಲುಬಿಲ್ಲ ಸರಿ, ಅದಕ್ಕೂ ಒಂದು ಕೀಲು ಇದ್ದು ಆಗಾಗ ಊದಿಕೊಂಡಿದ್ದರೆ ಚೆನ್ನಾಗಿತ್ತು.

ಈ ಕಾಯಿಲೆಯ ದಾರಿ ವಿಚಿತ್ರ. ಹೆಣ್ಣಿನಲ್ಲಿ ಸದ್ದಿಲ್ಲದೆ ಕೂತಿದ್ದು ಗಂಡುಮಗುವಿನಲ್ಲಿ ಎದ್ದು ಕಾಣಿಸಿಕೊಳ್ಳುತ್ತದೆ. ಮೆತ್ತಣ್ಣನ ಅಕ್ಕ ಗಟ್ಟಿಮುಟ್ಟು. ಗವಸು ಹೊಲಿಯುವ ಮೆಷಿನ್ನನ್ನು ಒಬ್ಬಳೇ ಎತ್ತಿ ಮೆಟ್ಟಿಲು ಹತ್ತುವ ಹೆಂಗಸು. ಅವಳಿಗೆ ಹುಟ್ಟಿದ ಒಬ್ಬನೇ ಮಗ ಅಂಬೆಗಾಲಿಡುವಾಗ ಅವನ ಮೊಣಕೈ ನೀಲಿಗಟ್ಟಿತು, ಅವಳಿಗೆ ಎಲ್ಲ ಅರ್ಥವಾಯಿತು. ಅವಳ ಗಂಡನಿಗೂ ಅರ್ಥವಾಯಿತು. ಅವನು ಚೀಲ ಕಟ್ಟಿಕೊಂಡು ಹೋದ. ಅವನ ಬಗ್ಗೆ ಇಲ್ಲಿ ಇಷ್ಟು ಜಾಗವೇ ಜಾಸ್ತಿ. ಅಕ್ಕ ಮಗನನ್ನು ಎತ್ತಿಕೊಂಡು ತಮ್ಮನ ಅಂಗಡಿಯ ಮೇಲಿನ ಮನೆಗೆ ಬಂದಳು. ಹಿಂದಿನ ಕೋಣೆಯ ಹತ್ತಿಯ ಗುಡ್ಡದ ಮೇಲೆ ಇನ್ನೊಂದು ಮಗು ಕೂತಿತು.

ಆ ಮಗು ಈಗ ಮೀಸೆ ಮೂಡಿದ ಹುಡುಗ. ಮತ ಹಾಕುವ ವಯಸ್ಸಿಗೆ ಸ್ವಲ್ಪ ಬಾಕಿ, ಮಾತಿನಲ್ಲಿ ಮಾತ್ರ ಯಾವತ್ತೋ ಪ್ರಾಯಕ್ಕೆ ಬಂದವನು.

"ಬೇರೆಯವರ ಸೋದರಮಾವಂದಿರು ಗಡಿಯಾರ ಕೊಡ್ತಾರೆ, ಸೈಕಲ್ ಕೊಡ್ತಾರೆ," ಅನ್ನುತ್ತಿದ್ದ, ಊದಿದ ಮೊಣಕೈಗೆ ಐಸು ಕಟ್ಟಿಕೊಂಡು. "ನಮ್ಮ ಮಾವ ನೋಡಿ, ರಕ್ತದಲ್ಲೇ ಆಸ್ತಿ ಬರೆದುಬಿಟ್ಟ."

"ಅನುಭವಿಸು ಅಳಿಯಾ," ಅನ್ನುತ್ತಿದ್ದ ಮೆತ್ತಣ್ಣ. "ಪಾಲು ಕೇಳೋಕೆ ದಾಯಾದಿಗಳೂ ಇಲ್ಲ."

ದಪ್ಪ ಹಾಸಿಗೆಗಳನ್ನು ಇಬ್ಬರೂ ಸೇರಿ ಹೊಲಿಯುತ್ತಿದ್ದರು. ಹಾಸಿಗೆಯನ್ನು ಚೌಕಟ್ಟಿಗೆ ನಿಲ್ಲಿಸಿ ಆ ಕಡೆ ಮಾವ, ಈ ಕಡೆ ಅಳಿಯ. ಮಾವ ಚುಚ್ಚಿದ ಸೂಜಿಯನ್ನು ಅಳಿಯ ಎಳೆದುಕೊಂಡು ಮತ್ತೆ ಮಾವನ ಕಡೆಗೆ ಚುಚ್ಚಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ, ಮಾತು ಮಾತ್ರ ಹತ್ತಿಯನ್ನು ದಾಟಿ ಬರುತ್ತದೆ. ಬೀದಿಯ ಅರ್ಧ ಚಾಡಿ ಆ ಹಾಸಿಗೆಗಳ ಎರಡು ಬದಿಗೆ ನಿಂತು ಆಡಿದ್ದು.

ಹೀಗಿರುವಾಗ ದೊಡ್ಡಾಸ್ಪತ್ರೆಯ ರಕ್ತರೋಗದ ಡಾಕ್ಟರಮ್ಮ ಮೂವರನ್ನೂ ಕರೆದು ಕೂರಿಸಿಕೊಂಡರು. ಹೊಸದೊಂದು ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ, ಹೆಸರು ಜೀನ್ ಥೆರಪಿ ಅಂದರು. ಅದನ್ನು ಅಂಗಡಿಯಲ್ಲಿ ಕೊಳ್ಳಲು ಹೋದರೆ ಎಷ್ಟಾಗುತ್ತದೆ ಎಂದು ಬರೆದರೆ ಓದುವವರ ಓದು ಅಲ್ಲಿಗೇ ನಿಲ್ಲುತ್ತದೆ. ಪ್ರಯೋಗವಾದ್ದರಿಂದ ಇವರು ಏನೂ ಕೊಡಬೇಕಿರಲಿಲ್ಲ, ಮೈಯೊಂದನ್ನು ಬಿಟ್ಟು.

"ಒಂದು ವೈರಸ್ಸಿನ ಮೂಲಕ ಕೊಡ್ತೀವಿ," ಅಂದರು ಡಾಕ್ಟರಮ್ಮ.

ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ವೈರಸ್ಸಾ? ಇರೋ ಕಾಯಿಲೆ ಸಾಲದು ಅಂತ ಇನ್ನೊಂದು ಕೊಡ್ತೀರಾ?"

"ಕೂತ್ಕೊಳ್ಳಿ ಅಮ್ಮ. ಅದು ನಿರುಪದ್ರವಿ ವೈರಸ್. ಅದರ ಒಳಗಿರೋದನ್ನೂ ಪೂರ್ತಿ ತೆಗೆದುಹಾಕಿರ್ತಾರೆ. ಹೊರಗಿನ ಚಿಪ್ಪು ಮಾತ್ರ ಉಳಿಸಿ, ಒಳಗೆ ನಿಮ್ಮ ತಮ್ಮನಿಗೆ ಬೇಕಾದ ಜೀನ್ ತುಂಬಿರ್ತಾರೆ. ಆ ಚಿಪ್ಪಿಗೆ ಲಿವರ್‌ಗೆ ಹೋಗೋ ದಾರಿ ಗೊತ್ತು. ಹೋಗಿ, ಒಳಗಿರೋದನ್ನ ಅಲ್ಲಿ ಇಳಿಸತ್ತೆ. ಆಮೇಲೆ ಲಿವರ್ರೇ ಫ್ಯಾಕ್ಟರ್ ತಯಾರಿಸೋಕೆ ಶುರು ಮಾಡತ್ತೆ."

ಹುಡುಗ ಮಾವನ ತೊಡೆಗೆ ತಟ್ಟಿದ. "ಗವಸು ಅವರದ್ದು, ಹತ್ತಿ ನಮ್ಮದು. ನಮ್ಮ ಕಸುಬೇ ಕಣೋ ಮಾವ."

ಡಾಕ್ಟರಮ್ಮ ನಕ್ಕರು. ಆಮೇಲೆ ಆ ಮಾತನ್ನೇ ಹಿಡಿದು ಮುಂದುವರಿದರು. "ಸರಿ, ಗವಸು ಅಂತಲೇ ಇಟ್ಕೊಳ್ಳೋಣ. ತೊಂದರೆ ಇರೋದೂ ಗವಸಲ್ಲೇ. ನಮ್ಮ ಮೈಯೊಳಗೆ ಕಾವಲುಗಾರರು ಇದಾರೆ. ಅವರು ಗವಸು ನೋಡಿ ಗುರುತು ಹಿಡೀತಾರೆ, ಒಳಗೇನಿದೆ ಅಂತ ಬಿಚ್ಚಿ ನೋಡಲ್ಲ. ಈ ಥರದ ವೈರಸ್ಸು ಊರಲ್ಲಿ ಹಾಗೇ ಓಡಾಡ್ಕೊಂಡಿರತ್ತೆ. ಯಾವತ್ತೋ ಒಂದು ನೆಗಡಿ ಜೊತೆ ಮೈಗೆ ಬಂದು ಹೋಗಿದ್ರೂ ಸಾಕು, ಅದರ ಗುರುತಿಟ್ಟುಕೊಂಡ ಆ್ಯಂಟಿಬಾಡಿಗಳು ರಕ್ತದಲ್ಲಿ ಉಳಿದುಬಿಡ್ತವೆ. ಅಂಥವರಿಗೆ ಈ ಔಷಧಿ ಕೊಟ್ರೆ ಲಿವರ್ ಮುಟ್ಟೋ ಮೊದಲೇ ದಾರಿಯಲ್ಲೇ ಹಿಡಿದು ಮುಗಿಸಿಬಿಡ್ತವೆ. ಅದಕ್ಕೇ ಮೊದಲು ರಕ್ತ ಪರೀಕ್ಷೆ."

ಇನ್ನೂ ಒಂದು ಮಾತು ಹೇಳಿದರು. ಈ ಔಷಧಿ ಬಾಳಿಗೆ ಒಂದೇ ಸಲ. ಒಮ್ಮೆ ಕೊಟ್ಟರೆ ಕಾವಲುಗಾರರು ಆ ಗವಸನ್ನು ಮರೆಯುವುದೇ ಇಲ್ಲ. ಎರಡನೇ ಸಲ ಅದೇ ಗವಸು ಬಾಗಿಲಿಗೆ ಬಂದರೆ ಒಳಗೆ ಬಿಡುವುದಿಲ್ಲ.

ಮೆತ್ತಣ್ಣನಿಗೆ ಆ ದಿನವೆಲ್ಲ ತಲೆಯಲ್ಲಿ ಅದೇ. ಅವನ ಅಂಗಡಿಗೆ ಹಳೆಯ ಹಾಸಿಗೆ ಬಿಚ್ಚಲು ಬಂದಾಗ ಗವಸು ನೋಡಿ ಅವನಿಗೂ ಗೊತ್ತಾಗುತ್ತಿತ್ತು, ಇದು ಅಪ್ಪ ಹೊಲಿದದ್ದು, ಇದು ಮೇಲಿನ ಬೀದಿಯವನದ್ದು ಎಂದು. ಆದರೆ ಅದಕ್ಕೆ ಕಣ್ಣು ಬೇಕು, ಬೆಳಕು ಬೇಕು, ಅಪ್ಪನ ಬೈಗುಳ ತಿಂದು ಕಲಿತ ವಿದ್ಯೆ ಬೇಕು. ಇಲ್ಲಿ, ತನ್ನದೇ ಚರ್ಮದ ಒಳಗೆ, ಕತ್ತಲಲ್ಲಿ, ಯಾರೂ ಕಲಿಸದೆ ಇಂಥ ನೋಟ ನಡೆಯುತ್ತಿದೆಯೇ?

ಅವನ ರಕ್ತ ಪರೀಕ್ಷೆಗೆ ಹೋಯಿತು. ಹುಡುಗನಿಗೆ ಪ್ರಯೋಗಕ್ಕೆ ಸೇರುವ ವಯಸ್ಸಾಗಿರಲಿಲ್ಲ. ಅವನ ರಕ್ತವನ್ನೂ ಅವನ ಅಮ್ಮನ ಒಪ್ಪಿಗೆ ಪಡೆದು ತೆಗೆದು, ಮುಂದೆ ಬೇಕಾದೀತು ಎಂದು ಫ್ರೀಜರಿನಲ್ಲಿ ಇಟ್ಟರು. ಪರೀಕ್ಷೆ ಮಾಡಲಿಲ್ಲ, ಅವನ ಸರದಿ ಬಂದಾಗ ನೋಡೋಣ ಅಂದರು. ಮೆತ್ತಣ್ಣನ ರಕ್ತದಲ್ಲಿ ಆ ಆ್ಯಂಟಿಬಾಡಿ ಇರಲಿಲ್ಲ, ಪರಿಶುಭ್ರವಾಗಿತ್ತು. ಹತ್ತಿಯ ಗುಡ್ಡದ ಮೇಲೆ ಕಳೆದ ಬಾಲ್ಯ ಕೊನೆಗೂ ಒಂದು ಉಪಕಾರ ಮಾಡಿತು ಎಂದು ಅಕ್ಕ ಸತ್ತ ಅಮ್ಮನನ್ನು ನೆನೆದು ಅತ್ತಳು.

ಔಷಧಿ ಏರಿಸಿದ ದಿನ ನೋಡುವುದಕ್ಕೆ ಏನೂ ಇರಲಿಲ್ಲ. ನೀರಿನಂಥ ದ್ರವದ ಒಂದು ಚೀಲ, ಒಂದು ನಳಿಕೆ, ಒಂದು ಮಂಚ. ಮೆತ್ತಣ್ಣ ಮಲಗಿದ್ದಲ್ಲೇ ಆಸ್ಪತ್ರೆಯ ಹಾಸಿಗೆಯನ್ನು ಒತ್ತಿ ನೋಡಿ, "ಸ್ಪಂಜು. ಎರಡು ವರ್ಷಕ್ಕೆ ಕುಸಿಯತ್ತೆ" ಅಂದ. ಚೀಲ ಖಾಲಿಯಾಯಿತು. ಎಣಿಸಲಾಗದಷ್ಟು ಗವಸುಗಳು ಅವನ ಮೈಯೊಳಗೆ ದಾರಿ ಹಿಡಿದವು.

ಹೊರಡುವಾಗ ಡಾಕ್ಟರಮ್ಮ ಅಕ್ಕನ ಮುಖ ನೋಡಿ ಹೇಳಿದರು. "ಕೆಲವು ವಾರ ಇವರ ಎಂಜಲಲ್ಲಿ, ಮೂತ್ರದಲ್ಲಿ ಅದರ ಅಂಶ ಹೊರಗೆ ಬರ್ತಾ ಇರತ್ತೆ. ಯಾರಿಗೂ ಅದರಿಂದ ಕಾಯಿಲೆ ಬರಲ್ಲ. ಆದ್ರೆ ನಿಮ್ಮ ಮಗ ನಾಳೆ ಇದೇ ಔಷಧಿ ತಗೋಬೇಕಾದವನು. ಅವನ ಮೈ ಈಗಲೇ ಆ ಗವಸನ್ನ ನೋಡಿ ಗುರುತಿಟ್ಟುಕೊಂಡ್ರೆ? ಬಹುಶಃ ಅಷ್ಟು ಸುಲಭಕ್ಕೆ ಆಗಲ್ಲ. ಆದ್ರೆ ಆಗೋದೇ ಇಲ್ಲ ಅಂತ ಹೇಳುವಷ್ಟು ನಮಗೆ ಇನ್ನೂ ಗೊತ್ತಿಲ್ಲ. ಲೋಟ, ತಟ್ಟೆ, ಟವೆಲ್, ಎಲ್ಲ ಬೇರೆ ಮಾಡಿ."

ಲೋಟ ಬೇರೆಯಾಯಿತು. ತಟ್ಟೆ ಬೇರೆಯಾಯಿತು. ಮೆತ್ತಣ್ಣ ಮೇಲಿನ ಮನೆ ಬಿಟ್ಟು ಅಂಗಡಿಯ ಹಿಂದಿನ ಹತ್ತಿ ಕೋಣೆಯಲ್ಲಿ ಮಲಗತೊಡಗಿದ. ಅಕ್ಕ ಊಟವನ್ನು ಮೆಟ್ಟಿಲ ಮೇಲಿಟ್ಟು ಕೂಗುತ್ತಿದ್ದಳು. ಹುಡುಗ ಅಂಗಡಿಯ ಮುಂಭಾಗದಲ್ಲಿ ಗಿರಾಕಿಗಳನ್ನು ನೋಡಿಕೊಳ್ಳಬೇಕು, ಮೆತ್ತಣ್ಣ ಹಿಂದಿನ ಕೋಣೆಯಲ್ಲಿ ಒಬ್ಬನೇ ಹೊಲಿಯಬೇಕು ಎಂದು ಗೆರೆ ಎಳೆದದ್ದೂ ಅವಳೇ. ಒಂದು ವಿದ್ಯಾರ್ಥಿನಿಲಯದ ನೀಲಿ ಪಟ್ಟೆಯ ಹಾಸಿಗೆಗಳ ಕೆಲಸ ಬಂದಿತ್ತು. ಮೆತ್ತಣ್ಣ ಚೌಕಟ್ಟಿನ ಆ ಕಡೆ ಚುಚ್ಚಿ, ಕುಂಟುತ್ತಾ ಸುತ್ತಿ ಬಂದು ಈ ಕಡೆ ಎಳೆದು, ಮತ್ತೆ ಸುತ್ತಿ ಹೋಗುತ್ತಿದ್ದ.

"ಗಾಣದೆತ್ತು!" ಅಂತ ಬಾಗಿಲಾಚೆಯಿಂದ ಹುಡುಗ ಕೂಗುತ್ತಿದ್ದ.

"ಎತ್ತಿಗೆ ನಿನ್ನಂಥ ಅಳಿಯ ಇದ್ದಿದ್ರೆ ಅದೂ ಸನ್ಯಾಸ ತಗೊಳ್ತಿತ್ತು!"

ಆದರೆ ಸುತ್ತಿ ಸುತ್ತಿ ಹೊಲಿದರೂ ಮಂಡಿ ಊದಲಿಲ್ಲ. ಇದನ್ನು ಮೊದಲು ಗಮನಿಸಿದವನು ಮೆತ್ತಣ್ಣನೇ. ಯಾರಿಗೂ ಹೇಳಲಿಲ್ಲ. ಸಂಜೆ ಪ್ಯಾಂಟು ಮೇಲೆತ್ತಿ, ಮಂಡಿಯ ಮೇಲೆ ಅಂಗೈ ಇಟ್ಟು ಕೂರುತ್ತಿದ್ದ. ತಣ್ಣಗಿತ್ತು. ನಲವತ್ತು ದಾಟಿದ ಮನುಷ್ಯ ತನ್ನ ಮಂಡಿ ತಣ್ಣಗಿರುವುದನ್ನು ಮುಟ್ಟಿ ನೋಡುತ್ತಾ ಕೂರುವುದು ನಗುವಂಥ ವಿಷಯವಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ ಡಾಕ್ಟರಮ್ಮನ ಹುಬ್ಬು ಮೇಲೇರಿತು. ಅವನ ಲಿವರ್ ತನ್ನ ಜನ್ಮದಲ್ಲಿ ಮಾಡದ ಕೆಲಸವನ್ನು ಮಾಡುತ್ತಿತ್ತು. ಹಿರಿಯರು ಯಾರೂ ಹೇಳಿಕೊಡದ ಕೆಲಸ. ಹೊಸ ಗವಸಿನಲ್ಲಿ ಬಂದ ಒಂದು ಪಾಠವನ್ನು ಓದಿಕೊಂಡು ಮಾಡುತ್ತಿತ್ತು.

ಅಷ್ಟರಲ್ಲಿ ಆ ಬೆಳಿಗ್ಗೆ ಬಂತು.

ಮೆತ್ತಣ್ಣ ಹಿಂದಿನ ಕೋಣೆಯಿಂದ ಎದ್ದು ಬಂದು ಬಾಗಿಲ ಬಳಿ ನಿಂತ. ಹುಡುಗ ಆಗಲೇ ಅಂಗಡಿ ತೆರೆದು, ಹರಿದ ದಿಂಬೊಂದನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಸೂಜಿ ಕಿತ್ತಿದ್ದ. ನೂಲನ್ನು ತುಟಿಗಳ ನಡುವೆ ಸವರುತ್ತಿದ್ದ. ಒಂದು ಸಲ, ಇನ್ನೊಂದು ಸಲ, ನಿಧಾನವಾಗಿ, ಮಾವ ಕಲಿಸಿದ ಹಾಗೆ.

ನೂಲು ನೀಲಿ ಬಣ್ಣದ್ದು.

ನೀಲಿ ನೂಲಿನಲ್ಲಿ ಕೆಲಸ ಮಾಡುತ್ತಿದ್ದವನು ಮೆತ್ತಣ್ಣ ಒಬ್ಬನೇ. ಹಿಂದಿನ ಸಂಜೆ ಹುಡುಗ ಮೇಲೆ ಹೋದ ಮೇಲೆ, ಅಂಗಡಿಯ ಬಾಗಿಲು ಹಾಕಲು ಮುಂದೆ ಬಂದವನು, ಕೈಯಲ್ಲಿದ್ದ ಸೂಜಿಗಳಿಗೆ ನೂಲು ಪೋಣಿಸಿ ಗೋಡೆಯ ದಿಂಬಿಗೆ ಚುಚ್ಚಿ ಹೋಗಿದ್ದ. ಚುಚ್ಚಿದ ನೆನಪೇ ಅವನಿಗೆ ಇರಲಿಲ್ಲ. ಮನಸ್ಸಿಗೆ ಗೆರೆ ಎಳೆಯಬಹುದು, ಲೋಟ ತಟ್ಟೆಗೆ ಗೆರೆ ಎಳೆಯಬಹುದು. ಕೈಗೆ ಯಾರು ಹೇಳಿದ್ದರು?

"ಉಗಿಯೋ!" ಅವನ ಬಾಯಿಂದ ಅಂಥ ಕೂಗು ಆ ಬೀದಿ ಕೇಳಿರಲಿಲ್ಲ. "ಉಗಿ! ಉಗಿ ಅಂದೆ!"

ಹುಡುಗ ಬೆಚ್ಚಿ ಉಗಿದ. ಆಮೇಲೆ ಕೈಯಲ್ಲಿದ್ದ ನೂಲು ನೋಡಿದ, ಮಾವನ ಮುಖ ನೋಡಿದ.

ಅಕ್ಕ ಕೂಗಾಡಲಿಲ್ಲ. ಅದೇ ಕಷ್ಟವಾಯಿತು. ಮೇಲೆ ಮೆಷಿನ್ನಿನ ಸದ್ದು ಮಾತ್ರ ಬರುತ್ತಿತ್ತು. ಗವಸಿನ ಮೇಲೆ ಗವಸು, ಬೇಡದಿದ್ದ ಗವಸನ್ನೂ ಹೊಲಿದು ಗುಡ್ಡೆ ಹಾಕಿದಳು. ಮಧ್ಯಾಹ್ನ ತಟ್ಟೆಯನ್ನು ಮೆಟ್ಟಿಲ ಮೇಲಿಡುವಾಗ ಒಂದೇ ಮಾತು ಅಂದಳು. "ನೀನು ಕಾಯಿಲೆಯಿಂದ ಹೊರಗೆ ಬಂದೆ. ಬಾಗಿಲು ಮಾತ್ರ ಅವನ ಮುಖದ ಮೇಲೆ ಹಾಕ್ಬಿಟ್ಟೆಯಲ್ಲೋ."

ಮೆತ್ತಣ್ಣ ಗೋಡೆಯ ದಿಂಬನ್ನು ಕಿತ್ತು ಸುಟ್ಟುಹಾಕಿದ. ಅಪ್ಪನ ಕಾಲದ ದಿಂಬು, ಎಷ್ಟೋ ತಲೆಮಾರಿನ ಸೂಜಿಗಳ ತೂತು ಅದರಲ್ಲಿ. ಸುಟ್ಟ ಮೇಲೆ ಗೋಡೆಯಲ್ಲಿ ಒಂದು ಬಿಳಿ ಚೌಕ ಉಳಿಯಿತು, ಅದನ್ನು ನೋಡುವುದು ಇನ್ನೂ ಕಷ್ಟವಾಯಿತು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, "ಈಗಲೇ ನೋಡಿದ್ರೆ ಏನೂ ಗೊತ್ತಾಗಲ್ಲ. ಮೈ ಹೊಸ ಕಾವಲುಗಾರರನ್ನ ತಯಾರು ಮಾಡೋಕೆ ವಾರಗಳು ಬೇಕು" ಅಂದರು. ಕಾಯಬೇಕಾಯಿತು. ಕಾಯುವ ದಿನಗಳಲ್ಲೇ ಮೆತ್ತಣ್ಣನ ಮೈಯೊಳಗೂ ಯುದ್ಧ ಶುರುವಾಯಿತು. ಏರಿದ್ದ ಫ್ಯಾಕ್ಟರ್ ಇಳಿಯತೊಡಗಿತು, ಲಿವರಿಗೆ ಏಟು ಬಿದ್ದಿದೆ ಎನ್ನುವ ಅಂಕಿಗಳು ಏರತೊಡಗಿದವು. ಲಿವರಿನ ಜೀವಕಣಗಳ ಮೇಲೆ ಗವಸಿನ ಚೂರುಪಾರು ಅಂಟಿರುವುದನ್ನು ಅವನದೇ ಸೈನಿಕರು ಪತ್ತೆಹಚ್ಚಿ, ಆ ಕಣಗಳನ್ನೇ ಶತ್ರುವಿನ ಮನೆ ಎಂದು ತಿಳಿದು ಸುಡುತ್ತಿದ್ದರು. ಸುಟ್ಟ ಒಂದೊಂದು ಕಣದ ಜೊತೆ ಫ್ಯಾಕ್ಟರ್ ಮಾಡುವ ಪಾಠವೂ ಒಂದಿಷ್ಟು ಸುಟ್ಟು ಹೋಗುತ್ತಿತ್ತು. ಸೈನಿಕರನ್ನು ಸಮಾಧಾನ ಮಾಡಲು ಸ್ಟೀರಾಯ್ಡ್ ಮಾತ್ರೆ ಕೊಟ್ಟರು.

ಮಾತ್ರೆಗೆ ಮುಖ ಊದಿತು. ಹಸಿವು ಕೆರಳಿತು. ಹುಡುಗ ಬಾಗಿಲ ಆಚೆ ದೂರದಲ್ಲಿ ನಿಂತು ನೋಡಿದ.

"ಮಾವ, ನಿನ್ನ ಮುಖಕ್ಕೆ ಹತ್ತಿ ತುಂಬಿದ್ದು ಯಾರು? ಸ್ವಲ್ಪ ಜಾಸ್ತಿ ಆಯ್ತು. ಬಿಚ್ಚಿಸಿ ಇನ್ನೊಂದ್ಸಲ ಹೊಲಿಸು."

ಮೆತ್ತಣ್ಣ ನಗಲಿಲ್ಲ. "ನನ್ನದು ಇಳಿದು ಹೋಗ್ಲಿ ಬಿಡೋ," ಅಂದ. "ಪೂರ್ತಿ ಸುಟ್ಟು ಹೋಗ್ಲಿ. ನಿನ್ನ ಬಾಗಿಲು ತೆರೆದಿದ್ರೆ ಸಾಕು."

"ಹುಚ್ಚು ಹುಚ್ಚಾಗಿ ಮಾತಾಡ್ಬೇಡ," ಅಂದ ಹುಡುಗ. "ನಿನ್ನ ಮಂಡಿ ಊದದೆ ಇರೋದನ್ನ ನಾನು ದಿನಾ ನೋಡ್ತಿದೀನಿ. ನಾನು ನಿನಗಿಂತ ಮೊದಲೇ ಎದ್ದು ಬಂದು ನೋಡ್ತೀನಿ, ಗೊತ್ತಾ? ನೀನು ಮಲಗಿರುವಾಗ, ಈ ಬಾಗಿಲಿಂದ."

ಮೆತ್ತಣ್ಣ ಗೋಡೆಯ ಕಡೆ ಮುಖ ತಿರುಗಿಸಿದ.

ವಾರಗಳು ಕಳೆದು ಹುಡುಗನ ರಕ್ತದ ಫಲಿತಾಂಶ ಬಂತು. ಆ್ಯಂಟಿಬಾಡಿ ಇತ್ತು. ಸಣ್ಣಪುಟ್ಟದ್ದಲ್ಲ, ಪ್ರಯೋಗದವರು ಬಾಗಿಲಲ್ಲೇ ತಡೆಯುವಷ್ಟು ಇತ್ತು.

ಅಂದು ಸಂಜೆ ಮೆತ್ತಣ್ಣ ಸೂಜಿ ಮುಟ್ಟಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಅದುಮಿ ಕೂತ, ಅವು ತನ್ನವಲ್ಲವೆಂಬಂತೆ. ಅಕ್ಕ ಕೆಳಗಿಳಿದು ಬಂದು ಹತ್ತಿಯ ಮೂಟೆಯ ಮೇಲೆ ಕೂತಳು. ಬೈಯಲಿಲ್ಲ. ಬೈಯಬಾರದು ಎಂದುಕೊಂಡೇ ಬಂದಿದ್ದಳೋ, ಅವನ ಊದಿದ ಮುಖ ನೋಡಿ ಸುಮ್ಮನಾದಳೋ, ಅದು ಅವಳಿಗೇ ಗೊತ್ತು.

ಇಲ್ಲಿಗೆ ಕಥೆ ನಿಲ್ಲಿಸಿ, ಒಬ್ಬ ಬಡಪಾಯಿಯ ಅಭ್ಯಾಸ ಇನ್ನೊಬ್ಬನ ಬಾಳು ಕೆಡಿಸಿತು ಎಂದು ನೀತಿ ಹೇಳುವವರಿದ್ದಾರೆ. ಅಂಥವರಿಗೆ ಬೇಕಾಗಿರುವುದು ಯಾವಾಗಲೂ ಒಬ್ಬ ತಪ್ಪಿತಸ್ಥ. ಸಿಕ್ಕರೆ ಸಾಕು, ಉಳಿದದ್ದನ್ನು ಪರೀಕ್ಷೆ ಮಾಡುವ ಗೋಜು ಬೇಡ. ಡಾಕ್ಟರಮ್ಮ ಆ ಜಾತಿಯವರಲ್ಲ. ಅವರು ಫ್ರೀಜರಿನಲ್ಲಿ ಕೂತಿದ್ದ ಹುಡುಗನ ಹಳೆಯ ರಕ್ತವನ್ನು ಹೊರಗೆ ತೆಗೆಸಿದರು. ಮೆತ್ತಣ್ಣನ ಮೈಗೆ ಔಷಧಿ ಹೋಗುವ ಮುಂಚಿನ ರಕ್ತ. ಆಮೇಲೆ ಫೋನು ಮಾಡಿ, ಮೂವರೂ ಬನ್ನಿ ಅಂದರು.

ಅದೇ ಕೋಣೆ, ಅದೇ ಕುರ್ಚಿಗಳು.

"ಹಳೇ ರಕ್ತದಲ್ಲೂ ಇದೆ," ಅಂದರು ಡಾಕ್ಟರಮ್ಮ. "ಅಷ್ಟೇ ಇದೆ. ನೂಲಿನಿಂದ ಬಂದಿದ್ದಲ್ಲ ಇದು. ಅವತ್ತು ನೀವು ಮೊದಲನೇ ಸಲ ಇಲ್ಲಿ ಕೂತಿದ್ರಲ್ಲ, ಅವತ್ತೇ ಇತ್ತು."

ಮೆತ್ತಣ್ಣ ತೊಡೆಯ ಕೆಳಗಿದ್ದ ಕೈಗಳನ್ನು ಹೊರಗೆ ತೆಗೆದು ಅವುಗಳನ್ನೇ ನೋಡಿದ.

"ಹಾಗಾದ್ರೆ ಕೊಟ್ಟೋರು ಯಾರು?" ಅಂದಳು ಅಕ್ಕ. ಅವಳ ಸಿಟ್ಟು ಹೋಗಲು ಜಾಗ ಹುಡುಕುತ್ತಿತ್ತು.

"ಯಾರೂ ಕೊಟ್ಟಿಲ್ಲಮ್ಮ. ಯಾವತ್ತೋ ಚಿಕ್ಕವನಿದ್ದಾಗ ಒಂದು ನೆಗಡಿ ಬಂದಿರತ್ತೆ. ಅದರ ಬೆನ್ನ ಹಿಂದೆ ಇದೂ ಬಂದು ಹೋಗಿರತ್ತೆ. ನಿಮಗೆ ನೆನಪೂ ಇರಲ್ಲ."

"ನಾನು ಅವನನ್ನ ಹೊರಗೇ ಬಿಟ್ಟವಳಲ್ಲ!" ಅಕ್ಕ ಎದ್ದು ನಿಂತಳು. "ಹತ್ತಿ ಮೇಲಿಂದ ಕೆಳಗೆ ಇಳಿಸಿದವಳಲ್ಲ. ಕಲ್ಲು ತಾಗದ ಹಾಗೆ, ಮೂಲೆ ತಾಗದ ಹಾಗೆ... ಮೇಜಿನ ಮೂಲೆಗೂ ಗವಸು ಹೊಲಿದು ಹಾಕಿದವಳು ನಾನು."

"ಬಂದಿದ್ದಕ್ಕೆ ಬಾಗಿಲು ಬೇಕಿಲ್ಲ. ಗಿರಾಕಿ ಒಬ್ಬರು ಸೀನಿದ್ರೂ ಸಾಕು."

ಅಕ್ಕ ಕೂತಳು. ಆಮೇಲೆ ಅವಳು ಕೇಳಿದ ಪ್ರಶ್ನೆಯನ್ನು ಡಾಕ್ಟರಮ್ಮ ನಿರೀಕ್ಷಿಸಿರಲಿಲ್ಲ.

"ಅಂದ್ರೆ ನನ್ನ ಮಗು... ಅಷ್ಟು ಸಣ್ಣ ಮಗು... ಅವನ ಮೈ ಅದನ್ನ ಹಿಡೀತಾ?"

"ಹಿಡೀತು."

"ಯಾರೂ ಹೇಳಿಕೊಡದೆ?"

"ಯಾರೂ ಹೇಳಿಕೊಡದೆ."

"ಹಿಡಿದು, ಇಷ್ಟು ವರ್ಷ... ಇನ್ನೂ ಕಾವಲು ಕೂತಿದೆಯಾ?"

"ಕೂತಿದೆ. ಅದು ಮತ್ತೆ ಬಂದೀತು ಅಂತ. ಒಂದು ದಿನ ಕೂಡ ರಜ ತಗೊಂಡಿಲ್ಲ."

ಅಕ್ಕ ಮಗನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಆ ಮೈಯನ್ನು ಅವಳು ನೋಡಿದ್ದು ಒಂದೇ ಕಣ್ಣಿನಿಂದ: ಏನೋ ಒಂದು ಕಡಿಮೆ ಇರುವ ಮೈ. ಬಂಧುಗಳು ಅಂದದ್ದನ್ನು ಅವಳು ಬಾಯಲ್ಲಿ ಒಪ್ಪದೆ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದಳು. ಅವಳು ಮೇಜಿನ ಮೂಲೆಗೆ ಗವಸು ಹಾಕುತ್ತಿದ್ದ ಅದೇ ದಿನಗಳಲ್ಲಿ, ತೊಟ್ಟಿಲಲ್ಲಿ ಮಲಗಿದ್ದ ಆ ಮೈ, ಅವಳಿಗೂ ತಿಳಿಯದೆ ಒಳಗೆ ಬಂದ ಅಪರಿಚಿತನೊಬ್ಬನನ್ನು ಕಂಡು, ಅವನ ಅಂಗಿಯ ಅಳತೆಗೆ ಸರಿಯಾಗಿ ಆಯುಧ ಮಾಡಿಕೊಂಡು, ಅವನನ್ನು ಓಡಿಸಿ, ಅವನ ಗುರುತನ್ನು ಇಂದಿನವರೆಗೆ ಕಾದಿಟ್ಟಿತ್ತು. ಹೆತ್ತ ತಾಯಿಗೆ ನೆನಪಿಲ್ಲದ ಒಂದು ನೆಗಡಿ ಆ ರಕ್ತಕ್ಕೆ ನೆನಪಿತ್ತು.

ಅವಳು ಹುಡುಗನ ಕೈ ಹಿಡಿದು, ಮಣಿಕಟ್ಟಿನ ಬಳಿ ನೀಲಿಯಾಗಿ ಕಾಣುವ ನರವನ್ನು ಹೆಬ್ಬೆರಳಿನಿಂದ ಸವರಿದಳು. ಮೊದಲ ಸಲ ನೋಡುತ್ತಿರುವವಳಂತೆ.

"ಅಮ್ಮಾ, ಎಲ್ರೂ ನೋಡ್ತಿದಾರೆ," ಅಂದ ಹುಡುಗ.

"ನೋಡ್ಲಿ," ಅಂದಳು. "ನಾನೂ ಈಗಷ್ಟೇ ನೋಡ್ತಿದೀನಿ."

ಸಿಟ್ಟು ಮಾಡಲು ಅಲ್ಲಿ ಯಾರೂ ಇರಲಿಲ್ಲ. ಈ ಲೋಕದಲ್ಲಿ ಅನ್ಯಾಯ ಕಂಡಲ್ಲೆಲ್ಲ ಯಾರದ್ದಾದರೂ ಕೈ ಇದ್ದೇ ಇರುತ್ತದೆ. ಹುಡುಕಿದರೆ ಸಿಗುತ್ತದೆ, ಹಿಡಿದು ಕೇಳಬೇಕು. ಆದರೆ ಇದಕ್ಕೆ ಯಾರನ್ನು ಕೇಳುವುದು? ಮಗುವನ್ನು ಕಾಪಾಡಿದ ಕಾವಲುಗಾರನನ್ನೇ? ಬಾಗಿಲು ಮುಚ್ಚಿದ್ದು ನಿಜ. ಮುಚ್ಚಿದವನು ನಿಷ್ಠೆಯಿಂದ ತನ್ನ ಕೆಲಸ ಮಾಡಿದ್ದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಕೂರುವುದೊಂದೇ ಅವರಿಗೆ ಉಳಿದದ್ದು.

"ಇದು ಈ ಗವಸಿನ ಮಾತು," ಅಂದರು ಡಾಕ್ಟರಮ್ಮ ಕೊನೆಗೆ. "ಬೇರೆ ಬೇರೆ ಗವಸುಗಳ ಮೇಲೆ ಕೆಲಸ ನಡೀತಿದೆ. ಆ್ಯಂಟಿಬಾಡಿ ಇದ್ದವರಿಗೂ ಕೊಡಬಹುದಾ ಅಂತ ನೋಡ್ತಿರೋರೂ ಇದಾರೆ. ಸುಳ್ಳು ಆಸೆ ಕೊಡಲ್ಲ. ಯಾವಾಗ ಅಂತ ನನಗೆ ಗೊತ್ತಿಲ್ಲ."

"ಗವಸು ಬದಲಾಯಿಸೋದು ಅಂದ್ರೆ," ಅಂದ ಮೆತ್ತಣ್ಣ. "ಅದಕ್ಕೆ ತಾಳ್ಮೆ ಬೇಕಮ್ಮ. ಹಳೇ ಹೊಲಿಗೆ ಬಿಚ್ಚೋದೇ ದೊಡ್ಡ ಕೆಲಸ. ಹೊಲೀತಿರೋರು ಹೊಲೀಲಿ. ನಾವು ಕಾಯ್ತೀವಿ."

ಬಾಗಿಲ ತನಕ ಹೋದವನು ತಿರುಗಿ ನಿಂತ. "ಇನ್ನು ಲೋಟ ತಟ್ಟೆ ಬೇರೆ ಇಡ್ಬೇಕಾ?"

ಡಾಕ್ಟರಮ್ಮ ಹುಡುಗನ ಕಡೆ ಕೈ ತೋರಿಸಿದರು. "ಅವನಿಗೋಸ್ಕರ ಬೇಕಿಲ್ಲ. ಅವನ ಕಾವಲು ನಿಮ್ಮ ಔಷಧಿಗಿಂತ ಹಳೇದು."

ಮಾತ್ರೆಗಳು ಕೆಲಸ ಮಾಡಿದವು. ಮೆತ್ತಣ್ಣನ ಒಳಗಿನ ಸೈನಿಕರು ನಿಧಾನವಾಗಿ ಆಯುಧ ಇಳಿಸಿದರು. ಏರಿದ್ದ ಫ್ಯಾಕ್ಟರಿನಲ್ಲಿ ಒಂದಿಷ್ಟು ಸುಟ್ಟುಹೋಗಿತ್ತು, ಉಳಿದದ್ದು ನಿಂತಿತು. ಮಂಡಿ ಮಡಚಲಿಲ್ಲ, ಅದು ಇನ್ನು ಮಡಚುವುದೂ ಇಲ್ಲ. ಆದರೆ ಊದಲಿಲ್ಲ. ಮುಖದ ಹತ್ತಿ ಇಳಿಯಿತು. ಹುಡುಗ ಹಿಂದಿನಂತೆಯೇ ಫ್ಯಾಕ್ಟರ್ ಚುಚ್ಚಿಸಿಕೊಳ್ಳಲು ಆಸ್ಪತ್ರೆಗೆ ಹೋಗಿ ಬರುತ್ತಿದ್ದ, ಮೊಣಕೈಗೆ ಐಸು ಕಟ್ಟುತ್ತಿದ್ದ. ಅಕ್ಕ ಗೋಡೆಯ ಬಿಳಿ ಚೌಕದ ಮೇಲೆ ಹೊಸ ದಿಂಬೊಂದನ್ನು ಹೊಲಿದು ಹೊಡೆದಳು, ನೀಲಿ ಪಟ್ಟೆಯದ್ದು.

ವಿದ್ಯಾರ್ಥಿನಿಲಯದ ಕೊನೆಯ ಹಾಸಿಗೆಯನ್ನು ಚೌಕಟ್ಟಿಗೆ ನಿಲ್ಲಿಸಿದ ದಿನ ಮೆತ್ತಣ್ಣ ಆ ಕಡೆ ಹೋಗಿ ನಿಂತ. ಹುಡುಗ ಯಾರ ಅಪ್ಪಣೆಯನ್ನೂ ಕೇಳದೆ ಈ ಕಡೆ ಬಂದು ನಿಂತ. ಮಾವ ನೂಲಿನ ತುದಿಯನ್ನು ಬಾಯಲ್ಲಿಟ್ಟು ತಿರುಚಿ, ಪೋಣಿಸಿ, ಸೂಜಿಯನ್ನು ಹತ್ತಿಯೊಳಗೆ ತಳ್ಳಿದ. ಹುಡುಗ ಎಳೆದುಕೊಂಡ. ಆದರೆ ಸೂಜಿ ವಾಪಸು ಬರಲಿಲ್ಲ.

"ಏನಾಯ್ತೋ?"

"ನೂಲು ಕಣ್ಣಿಂದ ಕಳಚ್ಕೊಳ್ತು. ಅರ್ಧಂಬರ್ಧ ಪೋಣಿಸಿ ಕಳಿಸ್ತೀಯಾ?"

ಆ ಕಡೆ ಏನೂ ಕಾಣುತ್ತಿರಲಿಲ್ಲ. ಮೆತ್ತಣ್ಣ ಹಾಸಿಗೆಗೆ ಕಿವಿ ಕೊಟ್ಟು ನಿಂತ. ತುಟಿಗಳ ನಡುವೆ ನೂಲು ಸವರಿ ಹೊರಗೆಳೆದಾಗ ಆಗುವ ಸಣ್ಣ ಸದ್ದು, ಅದನ್ನು ಅವನು ಸಾವಿರ ಸದ್ದುಗಳಲ್ಲೂ ಗುರುತು ಹಿಡಿಯುತ್ತಿದ್ದ. ಕೇಳಿಸಿತು.

"ಹೆಂಗಿದೆ?" ಅಂದ.

"ಏನು ಹೆಂಗಿದೆ? ನೂಲು ಯಾವತ್ತಿನ ಹಾಗೇ ಇದೆ, ಬರೀ ಉಪ್ಪು," ಅಂದ ಹುಡುಗ. "ತಗೋ, ಬಂತು. ಕೈ ಹುಷಾರು."

ಸೂಜಿಯ ಮೊನೆ ಹತ್ತಿಯನ್ನು ದಾಟಿ ಮೆತ್ತಣ್ಣನ ಎದೆಯ ಮಟ್ಟಕ್ಕೆ ಹೊರಗೆ ಬಂತು. ಅವನು ಅದನ್ನು ಹಿಡಿದು ನೂಲು ಬಿಗಿಯಾಗುವ ತನಕ ಎಳೆದ.